ಮೊಬೈಲಿಗೆ ಸೋಮವಾರದ ಒಪ್ಪತ್ತು

ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ಇಪ್ಪತ್ತು ವರ್ಷಕ್ಕೂ ಮೇಲೆ ಕೂತವನು ನಾನು. ಹೊತ್ತಿಗೆ ಸರಿಯಾಗಿ ಬರುವವರನ್ನು ಕಂಡರೆ ನನಗೆ ಗೌರವ. ತಡವಾಗಿ ಬಂದು ಕಾರಣ ಹೇಳುವವರನ್ನು ಕಂಡರೆ ಮೈಯೆಲ್ಲ ಉರಿ. ನಾನೀಗ ಹೇಳಹೊರಟಿರುವ ಹಿರಿಯರೊಬ್ಬರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನೂ ಹೇಳಿದ ಹೊತ್ತಿಗೆ ಮುಗಿಸಿಕೊಟ್ಟವರಲ್ಲ. 'ಸಂಜಿ ಕೊಡ್ತೇನ್ರಿ' ಎಂದರೆ ಯಾವ ದಿನದ ಸಂಜೆ ಎಂದು ನಾವೇ ಕೇಳಿಕೊಳ್ಳಬೇಕಿತ್ತು. ಆದರೂ ಅವರು ಹೋಗಿ ಮೂರು ತಿಂಗಳಾದ ಮೇಲೂ ದಿನಕ್ಕೊಮ್ಮೆಯಾದರೂ ಅವರ ಮಾತು ಕೇಳಿ ಏಳುತ್ತೇನೆ. ಮೊಬೈಲಿನ ಚಾರ್ಜು ನೂರಕ್ಕೆ ಎಂಬತ್ತಾಯಿತೆಂದು ಎದ್ದುಹೋಗಿ ಚಾರ್ಜರಿನ ಪಿನ್ನು ಕೀಳುತ್ತೇನೆ. ನನ್ನ ಹೆಂಡತಿ, 'ಇಷ್ಟು ಕಾಳಜಿ ನಿಮಗ ನನ್ನ ಬಿಪಿ ಗುಳಿಗಿ ಬಗ್ಗೆ ಇದ್ದಿದ್ರ' ಎಂದು ಅರ್ಧಕ್ಕೆ ನಿಲ್ಲಿಸುತ್ತಾಳೆ.

ಕುಳಗೇರಿ ಕ್ರಾಸ್ ಎಂದರೆ ಊರಲ್ಲ, ಕೂಡು. ಹುಬ್ಬಳ್ಳಿ ಕಡೆಯಿಂದ ಬರುವ ಬಸ್ಸು ನೆಟ್ಟಗೆ ಹೋದರೆ ಕೆರೂರು, ಬಾಗಲಕೋಟೆ. ಹೊರಳಿದರೆ ಬಾದಾಮಿ. ಹೊರಳುವ ಆ ಜಾಗದಲ್ಲಿ ನನ್ನ ಕಂಟ್ರೋಲರ್ ಗೂಡು, ರಸ್ತೆಯ ಆಚೆ ಅವರ ಅಂಗಡಿ. ಮೇಲೆ ಪತ್ರಾಸಿನ ತಗಡು, ತಗಡಿನ ಮೇಲೆ ದಪ್ಪಗೆ ಜೋಳದ ಕಣಿಕೆ ಹೊದಿಸಿದ್ದರು. ಮೊಬೈಲ್ ಅಂಗಡಿಗೆ ಗುಡಿಸಲಿನ ವೇಷವೇಕೆ ಎಂದು ಹೊಸಬರು ನಗುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಒಳಗೆ ಕಾಲಿಟ್ಟವರು ನಗು ನಿಲ್ಲಿಸಿ ಅಲ್ಲೇ ಕೂತುಬಿಡುತ್ತಿದ್ದರು. 'ಬ್ಯಾಟರಿಗೆ ತಂಪು ಬೇಕ್ರಿ. ನನಗ ಹ್ಯಾಂಗಾದ್ರೂ ನಡೀತೈತಿ' ಎನ್ನುತ್ತಿದ್ದರು ಅವರು.

ಊರೆಲ್ಲ ಅವರನ್ನು 'ಬ್ಯಾಟರಿ ಕಾಕಾ' ಎನ್ನುತ್ತಿತ್ತು. ನನಗಿಂತ ಆರೇಳು ವರ್ಷ ದೊಡ್ಡವರು. ಹಣೆಯಲ್ಲಿ ಮೂರು ಬೆರಳ ವಿಭೂತಿ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಆಮೇಲೆ ಕರೆಂಟು ಹೋದಾಗ ಉರಿಯುವ ಎಮರ್ಜೆನ್ಸಿ ದೀಪ, ವಯರಿಲ್ಲದ ಮನೆಫೋನು, ಕೊನೆಗೆ ಮೊಬೈಲು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ, ಪಕ್ಕದ ಖಾನಾವಳಿಯಲ್ಲಿ ಊಟ. ಸೋಮವಾರ ಮಾತ್ರ ಒಪ್ಪತ್ತು. ಒಂದೇ ಹೊತ್ತು ಉಣ್ಣುವುದು, ಅದೂ ಲಿಂಗಪೂಜೆ ಮುಗಿಸಿದ ಮೇಲೆ. ಅದನ್ನು ಅವರು ಒಂದು ವಾರವೂ ತಪ್ಪಿಸಿದ್ದನ್ನು ನಾನು ಕಾಣೆ.

ನಾನು ಮೊದಲ ಸಲ ಅವರ ಬಳಿ ಹೋದದ್ದು ಜಗಳವಾಡುವ ತಯಾರಿಯಲ್ಲೇ. ನನ್ನ ಮೊಬೈಲು ಮಧ್ಯಾಹ್ನ ಎರಡಕ್ಕೇ ಕಣ್ಣು ಮುಚ್ಚುತ್ತಿತ್ತು. ಹೊಸ ಬ್ಯಾಟರಿ ಹಾಕಿ, ಐದರ ಬಸ್ಸು ಬಿಡುವುದರೊಳಗೆ ಕೊಡಿ ಎಂದೆ. ಅವರು ಮೊಬೈಲನ್ನು ಬಿಚ್ಚಲಿಲ್ಲ. ಅದರ ಬೆನ್ನನ್ನು ತಮ್ಮ ಕೆನ್ನೆಗೆ ಒತ್ತಿ ಹಿಡಿದರು, ತಾಯಿ ಕೂಸಿನ ಹಣೆ ನೋಡುವ ಹಾಗೆ.

"ಜ್ವರಾ ಬಂದೈತ್ರಿ. ರಾತ್ರಿ ಎಲ್ಲಿ ಮಲಗಸ್ತೀರಿ ಇದನ್ನ?"

"ತಲಿದಿಂಬಿನ ಬುಡಕ."

"ಚಾರ್ಜಿಗೆ ಹಚ್ಚಿ?"

"ಹೌದ್ರಿ. ಮುಂಜಾನಿತನಾ."

"ಅದರ ಮ್ಯಾಲ ದಿಂಬು, ದಿಂಬಿನ ಮ್ಯಾಲ ನಿಮ್ಮ ತಲಿ. ಕೂಸಿಗೆ ಹೊಟ್ಟಿ ಬಿರಿಯೋ ಹಾಂಗ ಉಣಿಸಿ, ಮ್ಯಾಲ ಕೌದಿ ಹೊಚ್ಚಿ, ಉಸುರು ಕಟ್ಟಸಾಕತ್ತೀರಿ. ಅದರಾಗ ನಿಮ್ಮ ತಲಿ ಬ್ಯಾರೆ. ಅದೇನು ಕಮ್ಮಿ ಬಿಸಿ ಐತೇನ್ರಿ ಸಾಹೇಬ್ರ? ದಿನಾ ಇಡೀ ಸ್ಟ್ಯಾಂಡಿಗೆ ಕೇಳೋ ಹಾಂಗ ಒದರತೀರಿ."

ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅವರು ಬ್ಯಾಟರಿ ಮಾರಲಿಲ್ಲ ನೋಡಿ. ದಿಂಬಿನಿಂದ ತೆಗೆದು ನೆಲದ ಕಲ್ಲಿನ ಮೇಲೆ ಇಡಿ, ಪರದೆಯ ಬೆಳಕು ಅರ್ಧ ಮಾಡಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಹಾಗೇ ಮಾಡಿದೆ. ಸಂಜೆಯ ಐದರ ಬಸ್ಸಿನವರೆಗೂ ಮೊಬೈಲು ನಡೆಯಿತು. ಅವತ್ತಿನಿಂದ ನಾನೂ ಆ ಬೆಂಚಿನವನಾದೆ.

ಬ್ಯಾಟರಿಗೆ ಜೀವ ಉಳಿದಿದೆ ಎಂದು ಅವರಿಗೆ ಅನಿಸಿದರೆ ಮುಗಿಯಿತು, ನೀವು ತಲೆಕೆಳಗಾಗಿ ನಿಂತರೂ ಹೊಸದು ಹಾಕುತ್ತಿರಲಿಲ್ಲ. ಬಾದಾಮಿಯಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ಗೈಡ್ ಒಬ್ಬ ಬಂದು, ಊರಲ್ಲಿದ್ದ ದಿನ ಸರಿ ಇರುತ್ತದೆ, ಗುಡ್ಡದ ಸಂದಿಗೆ ಹೋದ ದಿನ ಹನ್ನೆರಡಕ್ಕೇ ಸಾಯುತ್ತದೆ, ಬ್ಯಾಟರಿ ಕೆಟ್ಟಿದೆ ಎಂದು ಹಟ ಹಿಡಿದ. ಕಾಕಾ ಕೇಳಿದರು: "ಸಂದ್ಯಾಗ ಟವರ್ ಸಿಗತೈತೇನೋ ತಮ್ಮಾ?" ಇಲ್ಲ ಎಂದ. "ಮತ್ತ? ನಿಮ್ಮವ್ವ ಹೊಲದಾಗ ನಿಂತ ನಿನ್ನ ಕರದ್ಲು, ನೀ ಓ ಅನ್ನಲಿಲ್ಲ, ಏನ ಮಾಡ್ತಾಳ? ಇನ್ನೂ ಜೋರ ಒದರ್ತಾಳ. ನಿನ್ನ ಮೊಬೈಲ್ ಟವರ್ ಸಿಗಲಾರದ ಒದರಿ ಒದರಿ ದಣೀತೈತಿ. ಗುಡ್ಡಾ ಏರೂ ಮುಂದ ವಿಮಾನದ ಗುರ್ತಿನ ಬಟನ್ ಒತ್ತು, ಬಾಯಿ ಮುಚ್ಚಕೊಂಡ ಕುಂದರ್ತೈತಿ." ಗೈಡ್ ತನ್ನ ಪ್ರವಾಸಿಗರಿಗೂ ಇದನ್ನೇ ಹೇಳಿ ಹೆಸರು ಮಾಡಿದನೆಂದು ಆಮೇಲೆ ಕೇಳಿದೆ.

ಇನ್ನೊಬ್ಬರ ಮೊಬೈಲು ನೀರಿಗೆ ಬಿದ್ದಿತ್ತು. ಜೋಳದಲ್ಲಿ ಹೂತಿಡಿ ಎಂದು ಯಾರೋ ಹೇಳಿದ್ದರು. ಮನೆಯಾಕೆಗೆ 'ಜ್ವಾಳ' ಎಂದು ಕೇಳಿತೋ 'ಜ್ವಾಳದ ಹಿಟ್ಟು' ಎಂದು ಕೇಳಿತೋ, ಹಿಟ್ಟಿನ ಡಬ್ಬಿಯಲ್ಲಿ ಹೂತುಬಿಟ್ಟಿದ್ದಳು. ಕಾಕಾ ಮೂರು ದಿನ ಹಲ್ಲುಜ್ಜುವ ಬ್ರಷ್ಷು ಹಿಡಿದು ಅದರ ಸಂದಿಗೊಂದಿಯಿಂದ ಹಿಟ್ಟು ತೆಗೆದರು. ನಾಲ್ಕನೆಯ ದಿನ, "ಇನ್ನೊಂದೀಟು ನೀರು ಹಾಕಿದ್ರ ರೊಟ್ಟಿ ಬಡೀಬಹುದಾಗಿತ್ತು ನೋಡ್ರಿ" ಎಂದು ಗಂಭೀರವಾಗಿ ಹೇಳಿ ಕೈಗಿಟ್ಟರು. ನಡೆಯುತ್ತಿತ್ತು.

ಉಬ್ಬಿದ ಬ್ಯಾಟರಿಯನ್ನು ಕಂಡರೆ ಮಾತ್ರ ಅವರ ತಮಾಷೆ ನಿಲ್ಲುತ್ತಿತ್ತು. 'ಹೊಟ್ಟಿ ಉಬ್ಬೇತಿ, ಯಾರೂ ಮುಟ್ಟಬ್ಯಾಡ್ರಿ' ಎಂದು ಬೆಂಚು ಖಾಲಿ ಮಾಡಿಸಿ, ಅದನ್ನು ಒತ್ತದೆ ಚುಚ್ಚದೆ ಹೊರಗೊಯ್ದು ಮರಳು ತುಂಬಿದ ಗಡಿಗೆಯಲ್ಲಿ ಇಡುತ್ತಿದ್ದರು. ಅಂಥ ಕೆಲಸಕ್ಕೆ ಅವರು ಒಂದು ದಿನವೂ ತಡಮಾಡಲಿಲ್ಲ. ಇದನ್ನು ಹೇಳದಿದ್ದರೆ ನನ್ನಿಂದ ಅನ್ಯಾಯವಾದೀತು.

ಈಗ ಅವರ ತಪ್ಪಿಗೆ ಬರುತ್ತೇನೆ. ಅವರನ್ನು ನಾನು ಮರೆಯದೆ ಇರುವುದು ಅವರ ಜಾಣತನಕ್ಕಲ್ಲ, ಈ ತಪ್ಪಿಗೆ.

ಕ್ರಾಸಿನಿಂದ ಬಾದಾಮಿ ಕಡೆ ಹೋಗುವಾಗ ಸಿಗುವ ಹಳ್ಳಿಯೊಂದರಿಂದ ರೊಟ್ಟಿ ಆಯಿ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಬುಟ್ಟಿ ತುಂಬ ಜೋಳದ ರೊಟ್ಟಿ, ಮೇಲೆ ಬಿಳಿ ಅರಿವೆ. ಖಾನಾವಳಿಗೆ ಕೊಟ್ಟು, ಉಳಿದದ್ದನ್ನು ಡ್ರೈವರ್ ಕಂಡಕ್ಟರುಗಳಿಗೆ ಮಾರಿ, ಹತ್ತರ ಬಸ್ಸಿಗೆ ವಾಪಸ್. ಒಬ್ಬಳೇ ಮಗಳನ್ನು ಇಳಕಲ್ಲಿಗೆ ಕೊಟ್ಟಿದ್ದಳು. ಆ ಮಗಳು ಕೊಡಿಸಿದ ಮೊಬೈಲು. ಬ್ಯಾಟರಿ ಬೇಗ ಇಳಿಯುತ್ತದೆ ಎಂದು ಆಯಿ ಒಂದು ದಿನ ಕಾಕಾನ ಮುಂದೆ ಇಟ್ಟಳು. ನಾನು ಬೆಂಚಿನಲ್ಲಿದ್ದೆ.

"ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಬೇ ಯವ್ವಾ. ತಾನಾ ಬಂದ್ ಆಗ್ಲಿ. ಮರುದಿನ ಪೂರ್ತಿ ತುಂಬು" ಎಂದರು ಕಾಕಾ.

"ಅಂದ್ರ ನಮ್ಮ ಸ್ವಾಮಾರದ ಒಪ್ಪತ್ತು ಇದ್ದಂಗ ಅನ್ನು" ಎಂದಳು ಆಯಿ.

ಕಾಕಾಗೆ ಈ ಮಾತು ಎಷ್ಟು ಹಿಡಿಸಿತೆಂದರೆ ತೊಡೆ ತಟ್ಟಿಕೊಂಡು ನಕ್ಕರು. "ಖರೆ ಅಂದಿ ನೋಡು! ಒಪ್ಪತ್ತು ಉಂಡವ ಯೋಗಿ, ಎರಡ್ಹೊತ್ತು ಉಂಡವ ಭೋಗಿ, ಮೂರ್ಹೊತ್ತು ಉಂಡವ ರೋಗಿ. ಮೊಬೈಲಿಗೂ ಅದಾ ಮಾತು."

ಆ ಸಲಹೆಗೆ ಅವತ್ತಿನಿಂದ ಕಾಲು ಬಂತು. ಆಯಿಯ ರೊಟ್ಟಿಯ ಜೊತೆ ಅದು ಖಾನಾವಳಿಗೆ ಹೋಯಿತು, ಬಸ್ಸು ಹತ್ತಿತು, ಕೆರೂರಿಗೂ ಬಾದಾಮಿಗೂ ಮುಟ್ಟಿತು. ಯಾರೋ ಹುನಗುಂದದ ಕಡೆಯವರು ಸಹ, 'ನಮ್ಮ ಮೊಬೈಲ್ ಸ್ವಾಮಾರ ಹಿಡಿತೈತ್ರಿ' ಎಂದದ್ದನ್ನು ನಾನೇ ಕೇಳಿದ್ದೇನೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ನಮ್ಮ ಕ್ರಾಸಿನ ಅರ್ಧ ಮೊಬೈಲುಗಳು ತೆಪ್ಪಗಾಗುತ್ತಿದ್ದವು. ಬಸ್ಸಿಗೆ ಕಾದು ನಿಂತವರು ಹಾಡು ಹಚ್ಚುವುದು ನಿಂತದ್ದರಿಂದ ನಾನಂತೂ ಖುಷಿಯಾಗಿದ್ದೆ. ನನ್ನ ಮೊಬೈಲಿಗೂ ವ್ರತ ಹಿಡಿಸಿದೆ. ಇದು ಎರಡು ವರ್ಷ ನಡೆಯಿತು.

ಆಮೇಲೆ ಒಂದು ಸೋಮವಾರ ಬಂತು. ನನ್ನ ಮಗಳನ್ನು ಹೆರಿಗೆಗೆಂದು ಬಾಗಲಕೋಟೆಯ ದವಾಖಾನೆಗೆ ತೋರಿಸುತ್ತಿದ್ದೆವು. ಹೆಂಡತಿ ಅಲ್ಲೇ ಇದ್ದಳು. ಇನ್ನೂ ಒಂದು ವಾರ ಇದೆ ಎಂದಿದ್ದರಿಂದ ನಾನು ಕೆಲಸಕ್ಕೆ ಬಂದಿದ್ದೆ. ಹತ್ತು ಗಂಟೆಗೆ ನನ್ನ ಮೊಬೈಲು ವ್ರತಕ್ಕೆ ಕೂತಿತು. ಹತ್ತೂವರೆಗೆ ಮಗಳಿಗೆ ಜೋರು ಬೇನೆ. ಹೆಂಡತಿ ನನಗೆ ಫೋನು ಮಾಡಿದಳು, ಬಂದ್. ಕಾಕಾಗೆ ಮಾಡಿದಳು, ಬಂದ್. ಖಾನಾವಳಿಗೆ ಮಾಡಿದಳು, ಅದೂ ಬಂದ್. ಗೂಡಿನ ಹಳೆಯ ಫೋನು ಕೆಟ್ಟು ವರ್ಷವಾಗಿತ್ತು. ಕೊನೆಗೆ ಅಳಿಯ ಬಸ್ ಸ್ಟ್ಯಾಂಡಿಗೆ ಓಡಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸಿದ. ಆ ಕಂಡಕ್ಟರ್ ದೂರದಿಂದಲೇ ಸೀಟಿ ಊದುತ್ತ, ಬಾಗಿಲಿಗೆ ಜೋತುಬಿದ್ದು ಕೂಗಿದ:

"ಕಂಟ್ರೋಲರ್ ಸಾಹೇಬ್ರ, ಅಜ್ಜ ಆದ್ರಿ! ಹೆಣ್ಣು ಕೂಸು! ಹನ್ನೊಂದೂವರಿಗೇ ಹುಟ್ಟೇತಿ!"

ಆಗ ಗಂಟೆ ಮೂರು ದಾಟಿತ್ತು. ಮೊಮ್ಮಗಳು ವಾರ ಮೊದಲೇ ಬಂದಿದ್ದಳು, ತಡವಾದವನು ನಾನು. ಜನ ನಕ್ಕರು, ನಾನೂ ನಕ್ಕೆ, ಬಾಗಲಕೋಟೆಗೆ ಹೋಗಿ ಮಗುವಿನ ಮುಖ ನೋಡಿ ಬಂದೆ. ಹೆರಿಗೆಯಲ್ಲಿ ಮಗಳಿಗೆ ರಕ್ತ ಬೇಕಾಗಬಹುದು ಎಂದಿದ್ದರಂತೆ. ಮನೆಯಲ್ಲಿ ಅವಳಿಗೆ ಹೊಂದುವ ರಕ್ತ ನನ್ನದೊಂದೇ. ಬೇಕಾಗಲಿಲ್ಲ, ದೇವರು ದೊಡ್ಡವನು.

ಮರುದಿನ ಪೇಢೆ ಕೊಡಲು ಕಾಕಾನ ಅಂಗಡಿಗೆ ಹೋದಾಗ ಇದನ್ನೆಲ್ಲ ನಗುನಗುತ್ತಲೇ ಹೇಳಿದೆ. ಅವರು ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತರು.

"ರಕ್ತಾ ಬೇಕಾಗಿದ್ರ?"

"ಬೇಕಾಗ್ಲಿಲ್ಲಲ್ಲ, ಬಿಡ್ರಿ ಕಾಕಾ."

"ಅಲ್ಲ, ಬೇಕಾಗಿದ್ರ?"

ಖಾನಾವಳಿಗೂ ಪೇಢೆ ಕೊಡಬೇಕೆಂದು ನಾನು ಎದ್ದೆ. ಅವರು ಪೇಢೆ ತಿಂದದ್ದನ್ನು ನಾನು ನೋಡಲಿಲ್ಲ.

ಆ ವಾರ ಅಂಗಡಿಯ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಒಳಗೆ ಅವರು ಒಂದು ಹಳೆಯ ತಗಡಿನ ಡಬ್ಬಿ ಸುರುವಿಕೊಂಡು ಕೂತಿದ್ದರು. ಗಿರಾಕಿಗಳ ಮೊಬೈಲಿನಿಂದ ತೆಗೆದ ಸತ್ತ ಬ್ಯಾಟರಿಗಳು. ಒಂದೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ, ಯಾರದು, ಎಷ್ಟು ದಿನ ಬಾಳಿತು ಎಂದು ಬರೆದಿಡುವುದು ಅವರ ಅಭ್ಯಾಸ. ಅವನ್ನು ಎರಡು ಸಾಲು ಮಾಡುತ್ತಿದ್ದರು. ಸೋಮವಾರ ಹಿಡಿದವು ಒಂದು ಕಡೆ, ಹಿಡಿಯದವು ಇನ್ನೊಂದು ಕಡೆ. ಹಿಡಿದವುಗಳ ಸಾಲು ಉದ್ದ, ಆಯುಷ್ಯ ಗಿಡ್ಡ.

ಎರಡು ದಿನ ಬಿಟ್ಟು ಹುಬ್ಬಳ್ಳಿ ಬಸ್ಸಿನ ಡ್ರೈವರ್ ಒಬ್ಬನನ್ನು ಹಿಡಿದು ಕೂರಿಸಿದರು. ಅವನಿಗೆ ದೇವರು ದಿಂಡರು ಎಂದರೆ ಅಷ್ಟಕ್ಕಷ್ಟೆ, ಮೊಬೈಲಿಗೂ ವ್ರತ ಹಿಡಿಸಿರಲಿಲ್ಲ. ಬಸ್ಸು ನಿಂತಲ್ಲಿ ಐದು ನಿಮಿಷ, ಚಹಾ ಕುಡಿದಲ್ಲಿ ಹತ್ತು ನಿಮಿಷ ಚಾರ್ಜಿಗೆ ಹಚ್ಚುವುದು, ಪೂರ್ತಿ ತುಂಬುವುದರೊಳಗೆ ಕಿತ್ತುಕೊಂಡು ಹೊರಡುವುದು. ಪೂರ್ತಿ ಖಾಲಿಯಾಗಲೂ ಬಿಡುತ್ತಿರಲಿಲ್ಲ. ಅವನ ಮೊಬೈಲಿಗೆ ಐದನೆಯ ವರ್ಷ, ಅದೇ ಬ್ಯಾಟರಿ. ಕಾಕಾ ಅದನ್ನು ಕೆನ್ನೆಗೆ ಹಿಡಿದು ನೋಡಿ ಅವನ ಕೈಗೆ ವಾಪಸ್ ಕೊಟ್ಟರು.

"ಸಾಹೇಬ್ರ, ನನ್ನ ಮಾತು ಹಳೇ ಬ್ಯಾಟರಿಗೆ ಖರೆ ಇತ್ರಿ" ಎಂದರು ನನಗೆ. "ಎಮರ್ಜೆನ್ಸಿ ದೀಪದಾಗ ಬರ್ತಿತ್ತಲ್ಲ, ಆ ಬ್ಯಾಟರಿ ಪೂರ್ತಿ ಖಾಲಿ ಮಾಡ್ಲಿಲ್ಲಂದ್ರ ಮೊಂಡ ಬೀಳ್ತಿತ್ತು. ಇದು ಬ್ಯಾರೆ ಜಾತಿ. ಒಪ್ಪತ್ತಿನ ಗಾದಿಮಾತು ಮನಶ್ಯಾರಿಗಿ. ಇದು ನಿಮ್ಮ ಮೊಮ್ಮಗಳಿದ್ದಂಗ. ಈಟೀಟ ಕುಡಸಬೇಕು, ಮ್ಯಾಲಿಂದ ಮ್ಯಾಲ ಕುಡಸಬೇಕು. ಹಸಿವಿಗೂ ಬಿಡಬಾರದು, ಗಂಟಲಮಟಾ ತುಂಬಲೂಬಾರದು. ನಾ ಊರ ಮಂದಿ ಮೊಬೈಲೆಲ್ಲ ಉಪಾಸ ಕೆಡವಿ ಕೊಂದೇನ್ರಿ."

ನಾನು ಆ ಜಾಗದಲ್ಲಿದ್ದರೆ ಡಬ್ಬಿಯ ಮುಚ್ಚಳ ಹಾಕಿ ಸುಮ್ಮನಾಗುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತನ್ನು ಯಾರು ಹಿಡಿದು ತರುತ್ತಾರೆ? ಅವರು ತರಲು ಹೊರಟರು. ಮೊದಲು ಅಂಗಡಿಯ ಮುಂದೆ ಒಂದು ಹಲಗೆ ತೂಗುಹಾಕಿದರು: 'ಮೊಬೈಲಿಗೆ ಸೋಮವಾರ ಬೇಡ. ನಾನು ಹೇಳಿದ್ದು ತಪ್ಪು.' ಖಾನಾವಳಿಯ ಮಾಲೀಕರು ಗಾಬರಿಯಾಗಿ ಓಡಿ ಬಂದರು.

"ಏ ಮಾರಾಯಾ, ಇದನ್ನ ತಗಿ. ನಿನ್ನ ತಪ್ಪ ನೀನಾ ಬರದ ಹಾಕ್ಕೊಂಡ್ರ ಮಂದಿಗಿ ನಿನ್ನ ಮ್ಯಾಲಿನ ಭಕ್ತಿ ಹೊಕ್ಕೈತಿ."

"ಭಕ್ತಿ ಹೋದ್ರ ಹೋಗ್ಲಿ, ಬ್ಯಾಟರಿ ಉಳೀಲಿ" ಎಂದರು ಕಾಕಾ. ಹಲಗೆ ಇಳಿಯಲಿಲ್ಲ.

ಆದರೆ ವ್ರತ ಹಿಡಿದ ಮಂದಿಯೆಲ್ಲ ಕ್ರಾಸಿಗೆ ಬರುವವರಲ್ಲವಲ್ಲ. ಹಾಗಾಗಿ ಸೋಮವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಒಂದೊಂದು ವಾರ ಒಂದೊಂದು ಹಳ್ಳಿಗೆ ಬಸ್ಸು ಹತ್ತತೊಡಗಿದರು. ಕಟ್ಟೆಯ ಮೇಲೆ ಕೂತವರಿಗೆ ಕೈಮುಗಿದು, 'ನಾ ತಪ್ಪ ಹೇಳಿದ್ನಿರಿ. ಇಪ್ಪತ್ತಕ್ಕ ಉಣಸ್ರಿ, ಎಂಬತ್ತಕ್ಕ ಎಬ್ಬಸ್ರಿ' ಎಂದು ಹೇಳಿ ಬರುವುದು. ಬ್ಯಾಟರಿ ಇಪ್ಪತ್ತಕ್ಕೆ ಇಳಿದಾಗ ಚಾರ್ಜಿಗೆ ಹಚ್ಚಬೇಕು, ಎಂಬತ್ತಕ್ಕೆ ಬಂದಾಗ ಕೀಳಬೇಕು, ಅಷ್ಟೇ. ಬಸ್ಸು ತಪ್ಪಿಸಿಕೊಳ್ಳದೆ ಅವರು ಹೊತ್ತಿಗೆ ಸರಿಯಾಗಿ ಬಂದು ನಿಂತದ್ದನ್ನು ನಾನು ಕಂಡದ್ದು ಆ ದಿನಗಳಲ್ಲೇ.

ಹಿಡಿಸಿದಷ್ಟು ಸಲೀಸಾಗಿ ವ್ರತ ಬಿಡಿಸಲಾಗಲಿಲ್ಲ. ಒಂದು ಮನೆಯ ತಾಯಿ, 'ಸ್ವಾಮಾರ ಮೊಬೈಲ್ ಬಂದ್ ಆದ್ರನಾ ನಮ್ಮ ಮನ್ಯಾಗ ಎಲ್ಲಾರೂ ಕೂಡಿ ಉಣ್ತೀವ್ರಿ. ನೀವು ಬಿಡು ಅಂದ್ರ ನಾ ಬಿಡಾಕಿ ಅಲ್ಲ' ಎಂದು ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡಳಂತೆ. ಕಾಕಾ ಅದಕ್ಕೂ ಹಾದಿ ಹುಡುಕಿದರು. "ಬಂದ್ ಮಾಡಬೇ ಯವ್ವಾ, ಆದ್ರ ಖಾಲಿ ಮಾಡಬ್ಯಾಡ. ಅರ್ಧ ಹೊಟ್ಟಿ ಉಣಿಸಿ, ಬಟನ್ ಒತ್ತಿ ಮಲಗಸು. ಮೊಬೈಲಿಗೂ ಚೊಲೋ, ನಿಮಗೂ ಚೊಲೋ." ಹೀಗೆ ಮಾತು ಮಾತಿಗೆ ಹೊಲಿಗೆ ಹಾಕುತ್ತ ಒಂದೂವರೆ ವರ್ಷ ತಿರುಗಿದರು. ಕೊನೆಗೆ ಒಂದು ದಿನ ನನ್ನ ಗೂಡಿನ ಕಿಟಕಿಗೆ ಮುಖ ಹಚ್ಚಿ ಹೇಳಿದರು:

"ಎಲ್ಲಾರ್ದೂ ಬಿಡಿಸಿದ್ನಿರಿ. ಒಂದಾ ಉಳೀತು. ರೊಟ್ಟಿ ಆಯಿದು."

ಆಯಿಗೆ ಮೊಣಕಾಲು ಹಿಡಿದು ಆಗಲೇ ಬುಟ್ಟಿ ಹೊರುವುದು ನಿಂತಿತ್ತು. ಮನೆಯಲ್ಲೇ ಇರುತ್ತಿದ್ದಳು, ಒಬ್ಬಳೇ. ಸೋಮವಾರ ಬಂತೆಂದರೆ ಅವಳ ಮೊಬೈಲು ಬಂದ್. ಇಳಕಲ್ಲಿನ ಮಗಳು ಕಾಕಾಗೆ ಫೋನು ಮಾಡಿ, 'ಅಣ್ಣಾ, ಸ್ವಾಮಾರ ದಿನಾ ನಮ್ಮವ್ವ ಬಿದ್ರ ಎದ್ರ ನನಗ ಗೊತ್ತಾಗೂದಿಲ್ಲ. ನೀನಾ ಹಚ್ಚಿದ ಚಟಾ, ನೀನಾ ಬಿಡಸು' ಎಂದು ಅಳುತ್ತಿದ್ದಳು. ಕಾಕಾಗೆ ಅದು ಎದೆಗೆ ಚುಚ್ಚಿದ ಮಾತು. ಆಮೇಲೆ ಸೋಮವಾರಗಳೆಲ್ಲ ಆಯಿಯ ಊರಿಗೇ ಮೀಸಲಾದವು. ಮಧ್ಯಾಹ್ನದ ಬಸ್ಸಿಗೆ ಹೋಗುವರು, ನಾಲ್ಕರ ಬಸ್ಸಿಗೆ ಇಳಿಯುವರು.

"ಏನಾತ್ರಿ ಕಾಕಾ?"

"ಇವತ್ತೂ ಆಗ್ಲಿಲ್ರಿ. 'ನೀನಾ ಹೇಳಿದ್ದಿ, ಹಿಡದ ವ್ರತಾ ಬಿಡಾಕ ಬರ್ತೈತೇನು' ಅಂತಾಳ. ಭಾಳ ಬೈದ್ನಿ. ರೊಟ್ಟಿ, ಶೇಂಗಾ ಹಿಂಡಿ, ಮುಳಗಾಯಿ ಪಲ್ಯಾ ಮಾಡಿದ್ಲು. ಒಪ್ಪತ್ತಿನ ಊಟಾ ಅಲ್ಲೇ ಆತು."

ಸೋತು ಬಂದವರ ಮುಖ ಹಾಗಿರುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಬಸ್ಸಿನ ಹೊತ್ತು ನೋಡಿ ನೋಡಿ ನನಗೆ ಮುಖ ನೋಡುವ ಅಭ್ಯಾಸ ತಪ್ಪಿತ್ತು ಎಂದು ಕಾಣುತ್ತದೆ. ಆಯಿಯ ಬ್ಯಾಟರಿ ಸೊರಗಿದಾಗಲೆಲ್ಲ ಅವರೇ ಒಯ್ದು ಹೊಸದು ಹಾಕಿ ಬರುತ್ತಿದ್ದರು. ಜೀವ ಇರುವ ಬ್ಯಾಟರಿ ಬದಲಿಸದ ಮನುಷ್ಯ! ನಾನೊಮ್ಮೆ ಕೇಳಿಯೇಬಿಟ್ಟೆ.

"ಪ್ರತಿ ವಾರ ಹೋಗೂದ್ಯಾಕ್ರಿ? ಮಂಗಳವಾರ ಅಕಿ ಮೊಬೈಲ್ ಚಾಲೂ ಇರ್ತೈತಲ್ಲ, ಫೋನ್ ಮಾಡಿ ಹೇಳ್ರಿ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಫೋನಿನ್ಯಾಗ ಹೇಳಿದ್ರ ಅಕಿಗಿ ತಿಳಿಯೂದಿಲ್ರಿ. ಎದುರಿಗೆ ಕುಂತ ಹೇಳಬೇಕು. ಒಂದ ಬ್ಯಾಟರಿ ಕೆಟ್ರ ಕೆಡ್ಲಿ ಬಿಡ್ರಿ" ಎಂದು ನಕ್ಕರು.

ನಾನು ನಿವೃತ್ತನಾಗಿ ಬಾದಾಮಿಯಲ್ಲಿ ನೆಲೆಸಿದ ಮೇಲೆ ಅವರನ್ನು ಕಾಣುವುದು ಕಡಿಮೆಯಾಯಿತು. ಮೂರು ತಿಂಗಳ ಹಿಂದೆ ಒಂದು ಶನಿವಾರ, ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿ ಒರಗಿದವರು ಏಳಲಿಲ್ಲ. ನರಳಲಿಲ್ಲ, ಯಾರನ್ನೂ ಕಾಡಲಿಲ್ಲ. ಪುಣ್ಯದ ಸಾವು ಎಂದು ಎಲ್ಲರೂ ಅಂದರು. ಭಾನುವಾರ ಮಣ್ಣಾಯಿತು. ಖಾನಾವಳಿಯ ಮಾಲೀಕರು, ಡ್ರೈವರುಗಳು, ಆ ಗೈಡ್, ಎಲ್ಲ ಬಂದಿದ್ದರು. ನನಗೆ ಅಳು ಬರಲಿಲ್ಲ. ಮನೆಗೆ ಬಂದು ಮೊಬೈಲನ್ನು ಕಲ್ಲಿನ ಮೇಲೆ ಇಡುವಾಗ ಬಂತು.

ಸೋಮವಾರ ಬೆಳಿಗ್ಗೆ ಎದ್ದಾಗ ಆಯಿಯ ನೆನಪಾಯಿತು. ಮಣ್ಣಿಗೆ ಅವಳು ಬಂದಿರಲಿಲ್ಲ. ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ಇವತ್ತು ಸೋಮವಾರ, ಮೊಬೈಲು ಬಂದ್ ಇರುತ್ತದೆ. ಮಧ್ಯಾಹ್ನ ಅಡುಗೆ ಮಾಡಿ ಬಾಗಿಲಲ್ಲಿ ಕೂತು ದಾರಿ ನೋಡುತ್ತಾಳೆ. ಈ ಯೋಚನೆ ಬಂದದ್ದೇ ಅಂಗಿ ತೊಟ್ಟು ಹೊರಟೆ. ಹೋಗಿ ನಾನೇ ಹೇಳಬೇಕೆಂದು ಕ್ರಾಸಿನ ಬಸ್ಸು ಹತ್ತಿದೆ. ಕೂತ ಮೇಲೆ, ಫೋನು ಹೋಗುವುದಿಲ್ಲ ಎಂದು ಗೊತ್ತಿದ್ದೂ ಅವಳ ನಂಬರು ಒತ್ತಿದೆ.

ರಿಂಗಾಯಿತು. ಎರಡನೆಯ ರಿಂಗಿಗೇ ಎತ್ತಿದಳು.

"ಯಾರಪಾ?"

"ಆಯಿ, ನಾ ಕಂಟ್ರೋಲರ್. ಇವತ್ತ ಸೋಮವಾರ ಅಲ್ಲೇನು? ಮೊಬೈಲ್ ಚಾಲೂ ಐತಿ?"

ಆಚೆ ಪಾತ್ರೆ ಸರಿಸಿಟ್ಟ ಸದ್ದಾಯಿತು. ಬಸ್ಸಿನ ಗದ್ದಲದಲ್ಲಿ ಕೇಳಲೆಂದು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದೆ.

"ನಿನ್ನಿ ಮಗಳು ಫೋನ್ ಮಾಡಿ ಹೇಳಿದ್ಲಪಾ, ಅಂವ ಹ್ವಾದ ಅಂತ" ಎಂದಳು. "ಇನ್ನ ಯಾಕ ಬಂದ್ ಇಡ್ಲಿ? ಚಾಲೂ ಇಟ್ಟಿದ್ರ, 'ಹ್ಯಾಂಗದಿ ಆಯಿ' ಅಂತ ಅಲ್ಲಿಂದನಾ ಫೋನ್ ಮಾಡಿ ಕೇಳಿ ಕುಂತ ಬಿಡ್ತಿದ್ದ. ವಾರಪೂರ್ತಿ ಖಾನಾವಳಿ ಕೂಳು ಉಣ್ಣಾಂವ. ಒಪ್ಪತ್ತಿನ ದಿನಾರೆ ಬಿಸಿ ರೊಟ್ಟಿ ಉಣ್ಣಬಾರದೇನು?"

'ಒಂದ ಬ್ಯಾಟರಿ ಕೆಟ್ರ ಕೆಡ್ಲಿ ಬಿಡ್ರಿ' ಎಂದು ನಕ್ಕ ಮುಖ ಕಣ್ಣಮುಂದೆ ಬಂತು. ಅವರಿಗೆ ಗೊತ್ತಿತ್ತು. ಇಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದವನು ದಿನಾ ಆ ಬಸ್ಸು ಬಿಡುತ್ತಿದ್ದ ನಾನೊಬ್ಬನೇ.

"ಎಲ್ಲಿ ಅದಿ? ಬಸ್ಸಿನ ಸಪ್ಪಳ ಕೇಳಾಕತ್ತೈತಿ" ಎಂದಳು ಆಯಿ.

"ನಿಮ್ಮ ಊರ ಕಡೇನಾ ಬರಾಕತ್ತೇನಿ."

"ಬಾ ಹಂಗಾರ. ಹಿಟ್ಟು ನಾದೇನಿ."

ಹೋದೆ. ಒಲೆಯ ಮುಂದೆ ಕಾಲು ಚಾಚಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೊಬೈಲು ಒಲೆಯಿಂದ ದೂರ, ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ, ಬರಿಯ ಕಲ್ಲಿನ ಮೇಲೆ ಚಾರ್ಜಿಗೆ ಕೂತಿತ್ತು. ಕಾಕಾ ಹೇಳಿದ ಒಂದು ಮಾತೂ ಅವಳಿಗೆ ತಿಳಿಯದೆ ಹೋಗಿರಲಿಲ್ಲ. ನನ್ನ ಮುಂದೆ ತಾಟು ಇಟ್ಟು ಬಿಸಿ ರೊಟ್ಟಿ, ಹಿಂಡಿ, ಮುಳಗಾಯಿ ಪಲ್ಯ ಬಡಿಸಿದಳು. ನನಗೆ ಒಪ್ಪತ್ತಿಲ್ಲ, ಬೆಳಗಿನ ಉಪ್ಪಿಟ್ಟು ಇನ್ನೂ ಹೊಟ್ಟೆಯಲ್ಲೇ ಇತ್ತು. ಹೇಳಲಿಲ್ಲ. ಎರಡು ರೊಟ್ಟಿ ಉಂಡು ಕೈ ತೊಳೆಯಲು ಎದ್ದೆ.

"ಎಂಬತ್ತ ಆತೇನು ನೋಡು, ನನಗ ಆ ಸಣ್ಣ ಅಕ್ಷರಾ ಕಾಣೂದಿಲ್ಲ" ಎಂದಳು.

ಬಗ್ಗಿ ನೋಡಿದೆ. "ಇಲ್ಲ ಆಯಿ. ಎಪ್ಪತ್ತೆಂಟು."

"ಹಂಗಾರ ಕುಂದ್ರು. ಇನ್ನೊಂದ ರೊಟ್ಟಿ ಉಣ್ಣೂದ್ರಾಗ ಆಗತೈತಿ."